ಕಸ್ತೂರಿಬಾಯಿಯ ಭರಣಿ

ಕಸ್ತೂರಿಬಾಯಿ ಓಣಿಗೆ ಬಂದರೆಂದರೆ ಬೇವಿನಾಳದ ಹೆಂಗಸರು ಚಹಾಕ್ಕೆ ಇಡುವ ಮೊದಲು ನೀರಿನ ಹರವಿಯ ಮುಚ್ಚಳ ತೆಗೆದಿಡುತ್ತಾರೆ. ಅವರು ತೆಗೆಯದಿದ್ದರೂ ಈಕೆ ಬಿಡುವವರಲ್ಲ. ಕೊರಳಲ್ಲಿ ದಾರ ಕಟ್ಟಿ ಇಳಿಬಿಟ್ಟ ಬ್ಯಾಟರಿ, ಕೈಯಲ್ಲಿ ಉದ್ದ ಹಿಡಿಕೆಯ ಹುಟ್ಟು, ಚೀಲದಲ್ಲಿ ಒಂದು ಬಿಳಿ ಬಟ್ಟಲು. ಹರವಿಯೊಳಗೆ ಬೆಳಕು ಬಿಟ್ಟು, ಹುಟ್ಟಿನಿಂದ ಒಂದಿಷ್ಟು ನೀರು ತೆಗೆದು ಬಟ್ಟಲಿಗೆ ಸುರಿದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನೀರಿನಲ್ಲಿ ದಾರದ ತುಂಡಿನಂಥದ್ದೊಂದು ಕುಣಿದರೆ ಆ ಮನೆಯಲ್ಲಿ ಅವತ್ತು ಅವರು ಚಹಾ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಬೇವಿನಾಳದಲ್ಲಿ ಕಸ್ತೂರಿಬಾಯಿ ಚಹಾ ಕುಡಿದರೇ ಇಲ್ಲವೇ ಎನ್ನುವುದು ಮನೆತನದ ಮರ್ಯಾದೆಯ ಪ್ರಶ್ನೆ.

ನಾನು ಮಹೇಶಕುಮಾರ, ಜೇವರ್ಗಿಯವನು. ಹನ್ನೆರಡು ವರ್ಷಗಳಿಂದ ಅಫಜಲಪುರ ತಾಲೂಕಿನಲ್ಲಿ ಆರೋಗ್ಯ ನಿರೀಕ್ಷಕ. ಅತನೂರಿನಿಂದ ಆಚೆ ಇರುವ ಬೇವಿನಾಳವೂ ನನ್ನ ಪಾಲಿಗೆ ಬಂದ ಊರುಗಳಲ್ಲೊಂದು. ಕಾಗದದ ಲೆಕ್ಕದಲ್ಲಿ ಅಲ್ಲಿನ ಆಶಾ ಕಾರ್ಯಕರ್ತೆ ಕಸ್ತೂರಿಬಾಯಿ ನನ್ನ ಕೈಕೆಳಗಿನವರು. ಈ ಬರಹ ಓದಿ ಮುಗಿಸುವಷ್ಟರಲ್ಲಿ ಯಾರು ಯಾರ ಕೈಕೆಳಗೆ ಎಂದು ನಿಮಗೇ ತಿಳಿಯುತ್ತದೆ.

ಅವರು ಜಿಡಗಾದ ಕುಂಬಾರರ ಮನೆಯ ಮಗಳು. ಹತ್ತನೆಯ ಇಯತ್ತೆ ಮುಗಿಸಿ, ಕ್ರೂಸರ್ ಗಾಡಿ ಓಡಿಸುವ ಗೋವಿಂದನನ್ನು ಮದುವೆಯಾಗಿ ಬೇವಿನಾಳಕ್ಕೆ ಬಂದವರು. ಚಿಕೂನ್‌ಗುನ್ಯಾ ಬಂದ ವರ್ಷ ಅವರ ಅತ್ತೆ ಹಾಸಿಗೆ ಹಿಡಿದು, ಎದ್ದ ಮೇಲೂ ಎರಡು ವರ್ಷ ಬಾಗಿಯೇ ನಡೆದರಂತೆ. ಇಷ್ಟು ದೊಡ್ಡ ಜೀವವನ್ನು ಬಗ್ಗಿಸಿದ್ದು ಒಂದು ಸೊಳ್ಳೆ ಎಂದು ಡಾಕ್ಟರು ಹೇಳಿದಾಗ ಕಸ್ತೂರಿಬಾಯಿಗೆ ಮೊದಲು ನಗು ಬಂತಂತೆ, ಆಮೇಲೆ ಸಿಟ್ಟು ಬಂತಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆಶಾ ಆದ ಹೊಸತರಲ್ಲಿ ಅವರು ನಮ್ಮ ಸುತ್ತೋಲೆಯನ್ನು ಹಿಡಿದುಕೊಂಡು ಮನೆ ಮನೆ ತಿರುಗಿದರು. ವಾರಕ್ಕೊಂದು ಒಣ ದಿನ, ಅದು ಶುಕ್ರವಾರ, ಅವತ್ತು ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಿ ತಿಕ್ಕಬೇಕು ಎಂದು ಅದರಲ್ಲಿತ್ತು. ಒಬ್ಬರೂ ಕೊಡ ಬಗ್ಗಿಸಲಿಲ್ಲ. ನಾನು ಹೋಗಿ ರೇಗಾಡಿದೆ. ಆಗ ಅವರು ನನಗೆ ಮೊದಲ ಪಾಠ ಹೇಳಿದರು.

"ಶುಕ್ರವಾರ ಕೊಡ ಬರಿದು ಮಾಡ್ರಿ ಅಂದ್ರ ಯಾರ ಮಾಡ್ತಾರ್ರಿ ಸಾಹೇಬ್ರ? ಲಕ್ಷ್ಮಿ ಕೈ ಹಿಡಿದು ಹೊರಗ ಕಳಿಸಿದಂಗ ಆಗ್ತದ. ನಿಮ್ಮ ಮನ್ಯಾಗ ಮಾಡ್ತಾರೇನು?"

ಮಾಡುವುದಿಲ್ಲ. ನನ್ನ ತಾಯಿ ಶುಕ್ರವಾರ ಖಾಲಿ ತಂಬಿಗೆಯನ್ನೂ ಹೊಸ್ತಿಲ ಕಡೆ ತರುವವಳಲ್ಲ. ಕಸ್ತೂರಿಬಾಯಿ ಶುಕ್ರವಾರವನ್ನು ಕೈಬಿಟ್ಟು ಸೋಮವಾರವನ್ನು ಹಿಡಿದರು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಮನೆ ಸಾರಿಸಿ, ಪಾತ್ರೆ ಬೆಳಗಿ, ಬಸವಣ್ಣನ ಗುಡಿಗೆ ಹೊಸ ನೀರು ಒಯ್ಯುವ ದಿನ ಅದು. ಹೇಗೂ ಬೆಳಗುತ್ತೀರಿ, ಹರವಿಯನ್ನೂ ಡಬ್ಬು ಹಾಕಿ ತಿಕ್ಕಿಬಿಡಿ ಎಂದರು. ಊರಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಅದೂ ಸೋಮವಾರವೇ. ಹಾಗಾಗಿ ಮುಸಲ್ಮಾನರ ಓಣಿಯವರೂ ತಕರಾರಿಲ್ಲದೆ ಒಪ್ಪಿದರು.

ಒಪ್ಪಿಸಲು ಅವರು ಇನ್ನೊಂದು ಕೆಲಸ ಮಾಡಿದ್ದರು. ಶ್ರಾವಣದ ಒಂದು ಸೋಮವಾರ, ಆಗಷ್ಟೇ ಮೊಟ್ಟೆಯೊಡೆದ ಸೊಳ್ಳೆಯ ಹುಳಗಳನ್ನು ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ನೀರು ಸಮೇತ ಹಾಕಿ, ಬಾಯಿಗೆ ತೆಳು ಅರಿವೆ ಕಟ್ಟಿ ಗುಡಿಯ ಕಟ್ಟೆಯ ಮೇಲಿಟ್ಟರು. ದಿನಾ ಬಂದು ನೋಡಿರಿ ಎಂದರು. ಊರೆಲ್ಲ ನೋಡಿತು. ಮುಂದಿನ ವಾರದ ಬುಧವಾರ ಅರಿವೆಯ ಒಳಮೈಗೆ ಕಾಲ ಮೇಲೆ ಬಿಳಿ ಪಟ್ಟೆಯ ಸೊಳ್ಳೆಗಳು ಕೂತಿದ್ದವು. ಸೋಮವಾರದಿಂದ ಸೋಮವಾರಕ್ಕೆ ನೀರು ಚೆಲ್ಲಿದರೆ ಇವು ರೆಕ್ಕೆ ಮೂಡುವ ಮೊದಲೇ ಚರಂಡಿ ಸೇರುತ್ತವೆ ಎಂದು ಅವರು ಹೇಳಬೇಕಾಗಿಯೇ ಬರಲಿಲ್ಲ. ನಮ್ಮ ಸುತ್ತೋಲೆಯನ್ನು ಯಾರೂ ನಂಬಿರಲಿಲ್ಲ, ಭರಣಿಯನ್ನು ಎಲ್ಲರೂ ನಂಬಿದರು.

ಅಲ್ಲಿಂದ ಹತ್ತು ವರ್ಷ ಸುತ್ತಲಿನ ಊರುಗಳಲ್ಲಿ ಡೆಂಗಿ ಬಂದರೂ ಬೇವಿನಾಳಕ್ಕೆ ಬರಲಿಲ್ಲ. ತಾಲೂಕಿನಲ್ಲಿ ಅವರಿಗೆ ಶಾಲು ಹೊದಿಸಿದರು. ಶಾಲು ಅವರದ್ದು, ಫೋಟೋದಲ್ಲಿ ಮುಂದೆ ನಿಂತದ್ದು ನಾನು. ಆ ಫೋಟೋ ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದೆ, ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಈಗ ಬಿಸಿಲಿನ ಮಾತು. ಜೇವರ್ಗಿಯಲ್ಲಿ ಹುಟ್ಟಿದವನಿಗೆ ಬಿಸಿಲಿನ ಬಗ್ಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ನಾವು ಅದನ್ನು ಹೊತ್ತುಕೊಂಡೇ ಬೆಳೆದವರು. ಆದರೆ ನಾನು ಚಿಕ್ಕವನಿದ್ದಾಗ ಮಾರ್ಚ್ ತಿಂಗಳಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಬೆಳಗಿನ ಜಾವಕ್ಕೆ ಕೌದಿ ಬೇಕಾಗುತ್ತಿತ್ತು. ಈಗ ಕೌದಿ ಟ್ರಂಕಿನಿಂದ ಹೊರಗೇ ಬರುವುದಿಲ್ಲ. ಶಿವರಾತ್ರಿಗೆ ಕೂಲರ್ ಚಾಲೂ ಆಗುತ್ತದೆ, ಮಳೆ ಬಿದ್ದ ಮೇಲೂ ನಿಲ್ಲುವುದಿಲ್ಲ. ಹಗಲು ಕಾದ ಗೋಡೆ ಬೆಳಗಾದರೂ ಆರುವುದಿಲ್ಲ, ಮನೆಯೊಳಗಿನ ನೀರೂ ಆರುವುದಿಲ್ಲ.

ಇಷ್ಟೆಲ್ಲ ಕಣ್ಣಾರೆ ಕಂಡೂ ನಾವು ಇಲಾಖೆಯವರು ಜೂನ್‌ವರೆಗೆ ಹುಳದ ಸಮೀಕ್ಷೆಗೆ ಹೊರಡುತ್ತಿರಲಿಲ್ಲ. ಬೇಸಿಗೆಯಲ್ಲಿ ಸೊಳ್ಳೆ ಸಾಯುತ್ತವೆ ಎಂದು ಕಲಿತಿದ್ದೆವು. ಮಾಳಿಗೆಯ ಮೇಲಿನ ಕಪ್ಪು ಟಾಕಿಯಲ್ಲಿ ಸಾಯುವುದೂ ನಿಜ, ಅಲ್ಲಿ ನೀರಿಗೆ ಕೈ ಇಡಲಾಗುವುದಿಲ್ಲ. ಆದರೆ ಬಿಸಿಲಾದರೆ ನಾವು ಏನು ಮಾಡುತ್ತೇವೆ? ಒಳಗೆ ಬಂದು ನೆರಳಲ್ಲಿ ಕೂರುತ್ತೇವೆ. ಅವೂ ಅದನ್ನೇ ಮಾಡಿದವು. ಮೆಟ್ಟಿಲ ಕೆಳಗಿನ ಬ್ಯಾರಲ್ಲು, ಅಡುಗೆಮನೆಯ ಮೂಲೆಯ ಹರವಿ, ಕೂಲರಿನ ತಳ. ಅಷ್ಟು ಸಣ್ಣ ವಿಚಾರ ನನ್ನ ತಲೆಗೆ ಹೊಳೆಯಲಿಲ್ಲ.

ಹೋದ ವರ್ಷ ಮಾರ್ಚ್ ನಡುವಿನಲ್ಲಿ ದೌಲತರಾಯರ ಸೊಸೆ ಸುನಿತಾಗೆ ಜ್ವರ ಬಂತು. ದೌಲತರಾಯರು ಊರಿನ ದೊಡ್ಡ ಜಮೀನುದಾರರು, ಮಾತು ಕಡಿಮೆ, ಹೇಳಿದ್ದನ್ನು ಮಾಡುವ ಮನುಷ್ಯ. ಅವರ ಮನೆಯ ಹಿಂದಿನ ಪಡಸಾಲೆಯಲ್ಲಿ ಶಹಾಬಾದ ಕಲ್ಲಿನ ದೊಡ್ಡ ನೀರಿನ ತೊಟ್ಟಿಯಿದೆ. ಹತ್ತು ವರ್ಷ ಒಂದು ಸೋಮವಾರವನ್ನೂ ತಪ್ಪಿಸದೆ ಅವರು ಅದನ್ನು ಬರಿದು ಮಾಡಿಸಿ ತಿಕ್ಕಿಸಿದವರು. ಸುನಿತಾ ಆಳಂದದ ಹುಡುಗಿ. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಬಸಿರು, ಏಳು ತಿಂಗಳು ತುಂಬಿತ್ತು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಇನ್ನು ಎಂಟು ದಿನವಿತ್ತು. ತವರಿನಿಂದ ಹಸಿರು ಇಳಕಲ್ ಸೀರೆ ಆಗಲೇ ಬಂದು ಪೆಟ್ಟಿಗೆ ಸೇರಿತ್ತು.

ಗೋವಿಂದ ತನ್ನ ಕ್ರೂಸರಿನಲ್ಲಿ ಸುನಿತಾಳನ್ನೂ ಆಕೆಯ ಗಂಡ ಅನೂಪನನ್ನೂ ಕಲಬುರಗಿಯ ಆಸ್ಪತ್ರೆಗೆ ಮುಟ್ಟಿಸಿದ. ಡೆಂಗಿ ಎಂದರು. ಮರುದಿನ, ಶನಿವಾರ, ನಾನು ದೌಲತರಾಯರ ಮನೆಗೆ ಹೋಗಿ ತೊಟ್ಟಿಯಲ್ಲಿ ಹುಟ್ಟು ಅದ್ದಿದೆ. ಬಾಲ ಸುತ್ತಿಕೊಂಡ ಗುಂಡು ಹುಳಗಳು ಬಂದವು. ಅಂದರೆ ಇನ್ನೇನು ರೆಕ್ಕೆ ಮೂಡುವ ಹಂತದವು. ನಾನು ಓದಿಕೊಂಡ ಪ್ರಕಾರ ಅಂಥವು ಕಂಡರೆ ನೀರು ಎಂಟು ದಿನ ದಾಟಿದೆ ಎಂದು ಅರ್ಥ.

"ಈ ಸೋಮವಾರ ತೊಟ್ಟಿ ತಿಕ್ಕಿಲ್ರಿ ನೀವು," ಎಂದೆ.

ದೌಲತರಾಯರು ನನ್ನ ಮುಖವನ್ನೇ ನೋಡಿದರು. "ನನ್ನ ಕೈಯಾರ ತಿಕ್ಕೀನಿ. ಸುಳ್ಳ ಹೇಳೋ ವಯಸ್ಸಲ್ರಿ ನಂದು."

ಸುಳ್ಳು ಹೇಳುವುದಕ್ಕೆ ವಯಸ್ಸಿನ ಮಿತಿಯಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ನಾನು ವರದಿ ಬರೆದೆ. 'ಮನೆಯವರ ನಿರ್ಲಕ್ಷ್ಯ' ಎಂಬ ಎರಡು ಪದ ನಮಗೆ ಬಹಳ ಅನುಕೂಲದವು, ಎಲ್ಲಿ ಬೇಕಾದರೂ ಹೊಂದುತ್ತವೆ. ಕಸ್ತೂರಿಬಾಯಿ ಹೊರಗೆ ನನ್ನ ಗಾಡಿಗೆ ಅಡ್ಡ ನಿಂತರು.

"ಕಾಕಾ ಸುಳ್ಳ ಹೇಳಂಗಿಲ್ರಿ. ಸೋಮವಾರ ನಾನ ಮುಂದ ನಿಂತು ನೋಡೀನಿ. ನೀವು ರಿಪೋರ್ಟ ತಡೀರಿ."

"ಮತ್ತ ಹುಳ ಮ್ಯಾಲಿಂದ ಬಿದ್ವೇನ್ರಿ?"

"ಎಲ್ಲಿಂದ ಬಂದ್ವು ಅಂತ ನೋಡ್ಬೇಕಾಗ್ಯದ. ಎಂಟು ದಿನ ಕೊಡ್ರಿ ನನಗ."

ನಾನು ಕೊಡಲಿಲ್ಲ. ವರದಿ ಅವತ್ತೇ ಹೋಯಿತು.

ಅವರು ನನ್ನನ್ನು ಕಾಯುತ್ತ ಕೂರಲಿಲ್ಲ. ಮುಂದಿನ ಸೋಮವಾರ ಮೂರು ಭರಣಿ ಹೊಂದಿಸಿದರು. ಒಂದು ದೌಲತರಾಯರ ತೊಟ್ಟಿಯ ಪಕ್ಕ, ಒಂದು ತಮ್ಮ ಅಡುಗೆಮನೆಯಲ್ಲಿ, ಇನ್ನೊಂದು ಶಮ್ಸುನ್ನಿಸಾಳ ಮನೆಯಲ್ಲಿ. ಶಮ್ಸುನ್ನಿಸಾ ಹೊಲಿಗೆ ಮಾಡುವ ಹೆಣ್ಣುಮಗಳು, ಆಗ ಐದು ತಿಂಗಳ ಬಸುರಿ. ಅವತ್ತು ಎಲ್ಲರೂ ಪಾತ್ರೆ ಬರಿದು ಮಾಡಿ ಹೊಸ ನೀರು ತುಂಬಿದ್ದರು. ಪಾತ್ರೆಯ ಒಳಗೋಡೆಗಂಟಿದ ಮೊಟ್ಟೆಗಳು ಬರೀ ಕೈ ತಿಕ್ಕಿದರೆ ಹೋಗುವುದಿಲ್ಲ, ನೀರು ತಾಗಿದ ಕೂಡಲೇ ಒಡೆಯುತ್ತವೆ. ಸಂಜೆಗೆ ಕಂಡ ನೂಲಿನೆಳೆಯಂಥ ಮರಿಗಳನ್ನು ಅದೇ ನೀರಿನಲ್ಲಿ ಭರಣಿಗೆ ಹಾಕಿ ಅರಿವೆ ಕಟ್ಟಿದರು.

ಆ ವಾರದ ಬುಧವಾರ ಕಲಬುರಗಿಯಿಂದ ಸುದ್ದಿ ಬಂತು. ಸುನಿತಾ ಉಳಿದಳು, ಹೊಟ್ಟೆಯಲ್ಲಿನ ಕೂಸು ಉಳಿಯಲಿಲ್ಲ.

ಆ ದಿನ ಕಸ್ತೂರಿಬಾಯಿ ಊಟ ಮಾಡಲಿಲ್ಲ ಎಂದು ಗೋವಿಂದ ಆಮೇಲೆ ಹೇಳಿದ. ಭರಣಿಯ ಮುಂದೆ ಕೂತಿದ್ದರಂತೆ. ರವಿವಾರ ಬೆಳಿಗ್ಗೆ ಏಳು ಗಂಟೆಗೆ ನನಗೆ ಫೋನು ಬಂತು. "ಬರ್ರಿ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಾನು ಹೋದೆ. ಮೂರೂ ಭರಣಿಗಳನ್ನು ತಮ್ಮ ಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಮೂರರಲ್ಲೂ ಅರಿವೆಯ ಒಳಗಡೆ ಸೊಳ್ಳೆ ಕೂತಿದ್ದವು. ಸೋಮವಾರದ ನೀರು, ರವಿವಾರದ ರೆಕ್ಕೆ.

"ನೋಡ್ರಿ," ಎಂದರು. "ಆವಾಗ ಮುಂದಿನ ಬುಧವಾರ ಬಂದಿದ್ವು. ಈಗ ಸೋಮವಾರದ ಹಿಂದಿನ ದಿನಾನ ಹೊಂಟಾವ. ಕಾಕಾ ಖರೇನ ತಿಕ್ಯಾರ. ಊರ ಮಂದೆಲ್ಲ ಖರೇನ ತಿಕ್ಯಾರ. ಮರಿ ಹಾರಿಹೋದ ಮ್ಯಾಲ ನಾವು ಖಾಲಿ ತೊಟ್ಟಿಲಾ ತೊಳ್ಯಾಕತ್ತೀವಿ."

ತೊಟ್ಟಿಲು ಎಂಬ ಮಾತು ಬಾಯಿಂದ ಹೊರಟ ಮೇಲೆ ಅವರಿಗೇ ಅದು ತಾಗಿತು. ಸೆರಗಿನಿಂದ ಬಾಯಿ ಒತ್ತಿ ಹಿಡಿದು ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತರು.

ನನಗೆ ಸೋಲಲು ಇಷ್ಟವಿರಲಿಲ್ಲ. ಶ್ರಾವಣದ ಭರಣಿಗೂ ಬೇಸಿಗೆಯ ಭರಣಿಗೂ ಹೋಲಿಸಬಾರದು ಎಂದು ವಾದ ಹೂಡಿದೆ. ಅವರು ತಿರುಗಿ, "ಆವಾಗ ಈ ತಿಂಗಳದಾಗ ಭರಣಿಗೆ ಹಾಕಾಕ ಹುಳಾನ ಸಿಗ್ತಿರಲಿಲ್ರಿ. ಅದಕ್ಕೇನಂತೀರಿ?" ಎಂದರು. ಮುಂದೆ ಶ್ರಾವಣದಲ್ಲೂ ಅವರು ಮತ್ತೆ ಭರಣಿ ಇಟ್ಟರು. ಮುಂದಿನ ಬುಧವಾರವನ್ನು ಅವು ಕಾಯಲಿಲ್ಲ, ಸೋಮವಾರಕ್ಕೇ ಹೊರಬಂದವು. ಒಂದೂರಿನ ನಾಲ್ಕೈದು ಭರಣಿಯಿಂದ ಲೋಕದ ಹವೆಯ ಲೆಕ್ಕ ಹೇಳಲು ನನಗೆ ಬಾರದು. ಬೇವಿನಾಳಕ್ಕೆ ಸೋಮವಾರ ಸಾಕಾಗುವುದಿಲ್ಲ ಎನ್ನುವುದಕ್ಕೆ ಅಷ್ಟು ಸಾಕಿತ್ತು.

"ಈಗೇನು ಮಾಡ್ತೀರಿ?" ಎಂದೆ.

"ನಾಳೆ ಗುಡಿ ಮುಂದ ಹೇಳ್ತೇನಿ. ನಾ ಹೇಳಿದ್ದು ಗಲತ್ ಆಗ್ಯದ ಅಂತ."

ನಾನು ಬೇಡವೆಂದೆ. ಹೊಸ ಸುತ್ತೋಲೆ ಬಂದಿದೆ ಎಂದು ಹೇಳಿದರೆ ಸಾಕು, ತಪ್ಪು ನಿಮ್ಮ ಮೇಲೆ ಎಳೆದುಕೊಂಡರೆ ನಾಳೆ ಪೋಲಿಯೋ ಹನಿಗೂ ಬಾಗಿಲು ತೆಗೆಯುವುದಿಲ್ಲ ಎಂದು ಹೆದರಿಸಿದೆ. ಗೋವಿಂದನೂ ಒಳಗಿನಿಂದ ಅದನ್ನೇ ಹೇಳಿದ. ಕಸ್ತೂರಿಬಾಯಿ ಚೀಲದಿಂದ ತಮ್ಮ ಪುಸ್ತಕ ತೆಗೆದು ಒಂದು ಪುಟ ನನ್ನ ಮುಂದೆ ಹಿಡಿದರು. ಊರಿನ ಬಸುರಿಯರ ಪಟ್ಟಿ. ಹನ್ನೊಂದು ಹೆಸರು, ಒಂದರ ಮೇಲೆ ಗೀಟು ಬಿದ್ದಿತ್ತು.

"ಹತ್ತು ಮಂದಿ ಉಳದಾರ. ದೌಲತರಾಯ ಕಾಕಾರ ಓಣ್ಯಾಗ ಇನ್ನೂ ಇಬ್ರಿಗೆ ಜ್ವರ ಬಂದದ. ನಿಮ್ಮ ರಿಪೋರ್ಟದಾಗ ತಪ್ಪು ಅವರದ್ದದ. ಹಂಗಿದ್ರ ಸೋಮವಾರ ಸರಿ ಅದ ಅಂತ ಆಗ್ತದಲ್ರಿ? ತಪ್ಪು ನಂದು ಅಂತ ಹೇಳದಿದ್ರ ಸೋಮವಾರ ಬಿಡಿಸೂದು ಹೆಂಗ?"

ಇಷ್ಟು ವರ್ಷ ನೌಕರಿ ಮಾಡಿದ್ದೇನೆ, ಇಷ್ಟು ನೇರವಾದ ಮಾತು ಯಾವ ಮೀಟಿಂಗಿನಲ್ಲೂ ಕೇಳಿಲ್ಲ.

ಸೋಮವಾರ ಬೆಳಿಗ್ಗೆ ಬಸವಣ್ಣನ ಗುಡಿಯ ಮುಂದೆ ತುಂಬಿದ ಕೊಡ ಹೊತ್ತ ಹೆಂಗಸರು, ಕಟ್ಟೆಯ ಮೇಲೆ ಗಂಡಸರು. ಕಸ್ತೂರಿಬಾಯಿ ಮೂರು ಭರಣಿಗಳನ್ನು ಮೆಟ್ಟಿಲ ಮೇಲಿಟ್ಟು ನಿಂತರು. ನಾನು ಹಿಂದೆ, ಗಾಡಿಯ ಮೇಲೇ ಕೂತಿದ್ದೆ. ಅವಕಾಶ ಬಿದ್ದರೆ ಹೊರಟುಬಿಡುವ ಹಾಗೆ ಕೂತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

"ಎಂಟು ದಿನಕ್ಕೊಮ್ಮಿ ಸಾಕು ಅಂತ ನಿಮಗ ಹೇಳಿದಾಕಿ ನಾನು. ಈಗ ಅದು ಸಾಲಂಗಿಲ್ಲ. ಬಿಸಿಲು ಹೆಚ್ಚಾಗ್ಯದ, ಹುಳ ಆರು ದಿನಕ್ಕ ಹಾರಾಕತ್ತಾವ. ನೀವು ಹೇಳಿದಂಗ ಮಾಡೀರಿ, ನಾ ಹೇಳಿದ್ದ ಹಳೇದಾಗ್ಯದ. ಬರ್ತಾ ಬರ್ತಾ ನೋಡಬೇಕಾಗಿತ್ತು, ನೋಡ್ಲಿಲ್ಲ. ಗಲತಿ ನಿಮ್ದಲ್ಲ, ನಂದು. ಇನ್ನ ಮ್ಯಾಲ ಸೋಮವಾರ ಒಮ್ಮಿ, ಗುರುವಾರ ಒಮ್ಮಿ."

ಕೊಡ ಹೊತ್ತ ಒಬ್ಬಾಕೆ, "ನಳ ಬರೂದ ಎಂಟು ದಿನಕ್ಕೊಮ್ಮಿ. ಗುರುವಾರ ಚೆಲ್ಲಿದ್ರ ಮುಂದ ಕುಡಿಯೂದೇನಬೇ?" ಎಂದಳು. ಇನ್ನೊಬ್ಬಾಕೆ, "ಈಗ ಗುರುವಾರ ಅಂತಿ, ಬರೋ ವರ್ಷ ದಿನಾ ಚೆಲ್ಲು ಅಂತಿಯೇನು?" ಎಂದಳು.

"ಬಿಸಿಲು ಹಂಗ ಅಂದ್ರ ಹಂಗ ಅಂತೇನಿ," ಎಂದರು ಕಸ್ತೂರಿಬಾಯಿ. "ಚೆಲ್ಲೂದು ಬ್ಯಾಡ, ಸೋಸೂನು. ಎರಡು ಪದರ ಅರಿವಿ ಕಟ್ಟಿ ಒಂದು ಪಾತ್ರಿಂದ ಇನ್ನೊಂದಕ್ಕ ಹಾಕ್ರಿ. ಖಾಲಿ ಆದ ಪಾತ್ರಿ ನಾರು ಹಚ್ಚಿ ತಿಕ್ಕ್ರಿ. ನೀರು ಉಳೀತದ, ಹುಳ ಅರಿವಿ ಮ್ಯಾಲ ನಿಲ್ತಾವ. ನಮ್ಮಪ್ಪ ಜಿಡಗಾದಾಗ ಸೋಸದ ನೀರು ಕೊಡದಾಗ ಹಾಕ್ತಿರಲಿಲ್ಲ. ನಿಮ್ಮ ಮನ್ಯಾಗೂ ಹಿರ್ಯಾರು ಹಂಗ ಮಾಡ್ತಿದ್ರು. ನಳ ಬಂದ ಮ್ಯಾಲ ಬಿಟ್ಟೀವಿ."

ಅದು ಸತ್ಯ. ಹಿಂದೆ ನಮ್ಮ ಕಡೆ ಸೋಸದ ನೀರು ದೇವರಿಗೂ ಸಲ್ಲುತ್ತಿರಲಿಲ್ಲ.

ಆಗ ದೌಲತರಾಯರು ಎದ್ದು ನಿಂತರು. ಸೊಸೆಯನ್ನು ನೋಡಲು ಹೋದವರು ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು, ಗಡ್ಡ ತೆಗೆದಿರಲಿಲ್ಲ. "ನಮ್ಮ ಮನೀ ಕೂಸು ಹೋದದ್ದು ನಿನ್ನ ಗಲತಿಯಿಂದ ಏನಬೇ ಕಸ್ತೂರಿ?" ಎಂದರು. ಜೋರಾಗಿ ಕೇಳಲಿಲ್ಲ.

"ಅದರಾಗ ನಂದೂ ಪಾಲು ಅದರಿ ಕಾಕಾ."

ಅವರು ಮನೆಗೆ ನಡೆದರು. ಅವರ ಹಿಂದೆ ಗಂಡಸರು ಚದುರಿದರು. ಹೆಂಗಸರು ಭರಣಿಗಳನ್ನು ಬಳಸಿಕೊಂಡು ದಾಟಿ ಹೋದರು. ಪಾಲು ನನ್ನದೂ ಇತ್ತು, ದೊಡ್ಡ ಪಾಲೇ ಇತ್ತು. ಅದನ್ನು ನಾನು ಅಲ್ಲಿ ಎದ್ದು ಹೇಳಬೇಕಾಗಿತ್ತು, ಹೇಳಲಿಲ್ಲ. ಅವತ್ತು ಮಧ್ಯಾಹ್ನ ಕಚೇರಿಗೆ ಹೋಗಿ ಎರಡನೆಯ ವರದಿ ಬರೆದೆ. 'ಮನೆಯವರ ನಿರ್ಲಕ್ಷ್ಯ ಇರುವುದಿಲ್ಲ. ಮೊದಲ ವರದಿ ತಪ್ಪು. ನಾನು ಬೇಸಿಗೆಯ ಸಮೀಕ್ಷೆ ಮಾಡಿರುವುದಿಲ್ಲ.' ಇಷ್ಟು ಬರೆಯಲು ಎರಡು ಗಂಟೆ ಹಿಡಿಯಿತು.

ಮೊದಲ ಗುರುವಾರ ಕಸ್ತೂರಿಬಾಯಿ ನಲವತ್ತು ಮನೆಯ ಬಾಗಿಲು ಬಡಿದರು. ಸೋಸಿದ್ದು ಮೂರು ಮನೆ. ತಮ್ಮದೊಂದು, ಶಮ್ಸುನ್ನಿಸಾಳದೊಂದು, ಶಮ್ಸುನ್ನಿಸಾಳ ಮಾತಿಗೆ ಕಟ್ಟುಬಿದ್ದ ಪಕ್ಕದವರದೊಂದು. ಉಳಿದವರು ಬಾಗಿಲು ಅರ್ಧ ತೆಗೆದು, ನಾಳೆ ನೋಡೋಣ ಎಂದರು. ಚಹಾ ಕೊಡುತ್ತೇವೆಂದು ಒಬ್ಬರೂ ಅನ್ನಲಿಲ್ಲ. ಆ ವಾರ ಇನ್ನೂ ಒಂದು ಮನೆಗೆ ಜ್ವರ ಹೊಕ್ಕಿತು. ನಾನು ಸಂಜೆ ಫೋನು ಮಾಡಿ, ಸಾಕಾಯಿತೇ ಎಂದು ಕೇಳಿದೆ.

"ಸಾಕಾಗಾಕ ನನಗೇನಾಗ್ಯದ್ರಿ? ಮುಂದಿನ ಗುರುವಾರ ಮತ್ತ ಹೋಗ್ತೇನಿ. ನೀವೂ ಬರ್ರಿ, ಬಕೀಟು ಎತ್ತಾಕ ಮಂದಿ ಬೇಕಾಗ್ಯದ."

ಎರಡನೆಯ ಗುರುವಾರ ನಾನು ಹೋದೆ. ಬೆಳಿಗ್ಗೆ ಒಂಬತ್ತಕ್ಕೇ ಓಣಿಗೆ ಹಾಸಿದ ಪರಸಿಕಲ್ಲಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಆರು ಮನೆ ತಿರುಗಿದೆವು, ಆರರಲ್ಲೂ ಅದೇ ಅರ್ಧ ಬಾಗಿಲು. ಏಳನೆಯದು ದೌಲತರಾಯರದ್ದು. ಅವರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು, ನಮ್ಮನ್ನು ನೋಡಿ ಮುಖ ತಿರುಗಿಸಿದರು. ಕಸ್ತೂರಿಬಾಯಿ ಅಂಗಳದ ಹೊರಗೇ ನಿಂತುಬಿಟ್ಟರು. ನಲವತ್ತು ಮನೆಯ ಬಾಗಿಲು ಬಡಿದ ಕೈ ಅಲ್ಲಿ ಏಳಲಿಲ್ಲ.

ಒಳಗಿನಿಂದ ಸುನಿತಾ ಬಂದಳು. ಊರಿಗೆ ಬಂದು ನಾಲ್ಕು ದಿನವಾಗಿತ್ತಂತೆ, ಯಾರ ಹತ್ತಿರವೂ ಮಾತಾಡಿರಲಿಲ್ಲವಂತೆ. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಇನ್ನೊಂದು ಕೈಯಲ್ಲಿ ಹಸಿರು ಇಳಕಲ್ ಸೀರೆ, ಅಂಗಡಿಯ ಮಡಿಕೆಯನ್ನೂ ಬಿಚ್ಚಿರಲಿಲ್ಲ. ನೋಡಿದ ಕೂಡಲೇ ಕುಬಸದ ಸೀರೆಯೆಂದು ನಮಗೆಲ್ಲ ಗೊತ್ತಾಯಿತು. ಎದುರು ಮನೆಯ ಅರ್ಧ ಬಾಗಿಲು ಪೂರ್ತಿ ತೆರೆಯಿತು.

"ಒಳಗ ಬರ್ರಿ ಅಕ್ಕಾರ," ಎಂದಳು. "ಇದರ ಒಂದು ತುದಿ ಹಿಡೀರಿ."

ದೌಲತರಾಯರು ಎದ್ದರು. "ಅದು ಬ್ಯಾಡ ತಾಯಿ. ಬ್ಯಾರೆ ಅರಿವಿ ಕೊಡ್ತೇನಿ."

"ಇದನ್ನ ಯಾತಕ್ಕಂತ ಇಡ್ಲಿರಿ ಮಾವ?" ಎಂದಳು ಸುನಿತಾ.

ಅವಳೂ ಕಸ್ತೂರಿಬಾಯಿಯೂ ಸೀರೆಯನ್ನು ಎರಡು ಪದರ ಮಾಡಿ ತೊಟ್ಟಿಯ ಪಕ್ಕದ ಬ್ಯಾರಲ್ಲಿನ ಬಾಯಿಗೆ ಬಿಗಿಯಾಗಿ ಕಟ್ಟಿದರು. ದೌಲತರಾಯರು ಒಂದು ಗಳಿಗೆ ನಿಂತು ನೋಡಿ, ಧೋತರದ ಚುಂಗು ಮೇಲೆ ಸಿಗಿಸಿ, ತಾವೇ ತೊಟ್ಟಿಗೆ ಬಕೀಟು ಇಳಿಸಿದರು. ನಾನು ಇನ್ನೊಂದು ಬಕೀಟು ಹಿಡಿದೆ. ತೊಟ್ಟಿ ಬರಿದಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅಂಗಳದ ಆಚೆ ಓಣಿಯ ಅರ್ಧ ಮಂದಿ ಸೇರಿದ್ದರು.

ಸೀರೆ ಬಿಚ್ಚಿದಾಗ ಹಸಿರಿನ ಮೇಲೆ ಹುಳಗಳು ಹೊರಳಾಡುತ್ತಿದ್ದವು. ಸುನಿತಾ ಕೂತು ಬೆರಳಿಟ್ಟು ಎಣಿಸಿದಳು. ಹದಿನೇಳು. ಸೋಮವಾರ ತಿಕ್ಕಿ ತುಂಬಿದ ನೀರು ಅದು, ಅವತ್ತು ಗುರುವಾರ. ಅವಳು ಸೀರೆಯನ್ನು ಎತ್ತಿ ಅಂಗಳಕ್ಕೆ ಒಯ್ದು ಕಾದ ಪರಸಿಯ ಮೇಲೆ ಜಾಡಿಸಿದಳು. ಅವು ಒಣಗಿಹೋಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಒಣಗುವವರೆಗೂ ಅವಳು ಅಲ್ಲೇ ಬಿಸಿಲಲ್ಲಿ ನಿಂತಿದ್ದಳು.

ಕಸ್ತೂರಿಬಾಯಿ ಅಳುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ತಂಗಿ, ನಾನು..." ಎಂದು ಏನೋ ಹೇಳಹೊರಟರು. ಸುನಿತಾ ಸೀರೆಯನ್ನು ತೊಟ್ಟಿಯ ಅಂಚಿಗೆ ಒಣಗಲು ಹರವುತ್ತ, "ಸೋಮವಾರಕ್ಕ ಮತ್ತ ಬೇಕಾಗ್ತದ," ಎಂದಳು. ಆಮೇಲೆ ಅವರ ಚೀಲದತ್ತ ಕೈ ಚಾಚಿದಳು.

"ಪಟ್ಟಿ ಅದಂತಲ್ರಿ ನಿಮ್ಮ ಹತ್ರ. ತೋರಸ್ರಿ."

ಕಸ್ತೂರಿಬಾಯಿ ಕೊಡಲು ಹಿಂದೆಮುಂದೆ ನೋಡಿದರು. ಅವಳು ತಾನೇ ಪುಸ್ತಕ ತೆಗೆದು ಆ ಪುಟ ಬಿಡಿಸಿದಳು. ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ ಅವಳದೇ ಹೆಸರು, ಅದರ ಮೇಲೆ ಗೀಟು. ಅಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿನ ಸಾಲಿಗೆ ಸರಿಯಿತು.

"ಈಕಿ ಮನಿ ಎಲ್ಲಿ ಬರ್ತದ್ರಿ?" ಎಂದಳು.

ಕಸ್ತೂರಿಬಾಯಿ ಮೂಗು ಒರೆಸಿಕೊಂಡು ಬ್ಯಾಟರಿಯನ್ನು ಕೊರಳಿಗೆ ಹಾಕಿಕೊಂಡರು. ಎದುರು ಮನೆಯಾಕೆ ಒಳಗೆ ಹೋಗಿ ಗಂಡನ ಹಳೆಯ ಧೋತರವೊಂದನ್ನು ತಂದು ಹರವಿಗೆ ಕಟ್ಟತೊಡಗಿದ್ದಳು. ನಾನು ಎರಡು ಬಕೀಟು ಎತ್ತಿಕೊಂಡು ಅವರಿಬ್ಬರ ಹಿಂದೆ ನಡೆದೆ.